ಮೂರು ಗಾಲಿಗೆ ಎರಡು ನ್ಯಾಯ

ಕಳೆದ ವರ್ಷ ಒಂದು ವಿಚಾರಸಂಕಿರಣದಲ್ಲಿ ಕಾರು ವಿನ್ಯಾಸದ ಚರಿತ್ರೆ ಕುರಿತ ಉಪನ್ಯಾಸ ಕೇಳಿದೆ. ಪರದೆಯ ಮೇಲೆ ಒಂದರ ಹಿಂದೊಂದು ‘ಕಾನ್ಸೆಪ್ಟ್ ಕಾರು’ಗಳು ಬಂದವು. ನಾಳೆಯ ಕಾರು ಹೀಗಿರಬಹುದು ಎಂದು ತೋರಿಸುವುದಕ್ಕಷ್ಟೇ ಕಟ್ಟುವ ಕಾರುಗಳಿವು. 1938ರಲ್ಲಿ ಹಾರ್ಲಿ ಅರ್ಲ್ ರೂಪಿಸಿದ ಬ್ಯೂಕ್ ವೈ-ಜಾಬ್ ಬಂತು. 1970ರಲ್ಲಿ ಇಟಲಿಯ ಬರ್ಟೋನೆ ಸಂಸ್ಥೆ ತೋರಿಸಿದ ಸ್ಟ್ರಾಟೋಸ್ ಝೀರೋ ಬಂತು. ಅದರ ಎತ್ತರ ಸುಮಾರು 84 ಸೆಂಟಿಮೀಟರ್. ಮುಂದಿನ ಗಾಜನ್ನೇ ಬಾಗಿಲಿನಂತೆ ಎತ್ತಿ ಒಳಗಿಳಿಯಬೇಕು. ನಮ್ಮೂರ ಎತ್ತು ಅದರ ಮೇಲಿಂದಲೇ ಕತ್ತು ಚಾಚಿ ಆಚೆಯ ಕಣಿಕೆ ತಿಂದೀತು.

ಸಭೆ ಬೆರಗಾಯಿತು. ನಾನೂ ಬೆರಗಾದೆ. ಕೊನೆಗೆ ಯಾರೋ, ‘ನಮ್ಮಲ್ಲಿ ಇಂಥದ್ದೇನಾದರೂ ಆಗಿದೆಯೇ ಸರ್?’ ಎಂದು ಕೇಳಿದರು. ‘ನಮ್ಮಲ್ಲಿ ಟಂಟಂ ಇದೆಯಲ್ಲ!’ ಎಂದರು ಉಪನ್ಯಾಸಕರು. ಎಲ್ಲರೂ ನಕ್ಕರು. ಟಂಟಂನಲ್ಲೇ ಹೈಸ್ಕೂಲು ಮುಗಿಸಿದ ನಾನೂ ನಕ್ಕೆ. ಆ ನಗುವಿನ ಮೇಲೆಯೇ ನನ್ನ ತಕರಾರು, ನನ್ನದನ್ನೂ ಸೇರಿಸಿ.

ಅದೇ ಉಪನ್ಯಾಸದಲ್ಲಿ ಬಕ್‌ಮಿನ್‌ಸ್ಟರ್ ಫುಲ್ಲರ್‌ನ ಡೈಮ್ಯಾಕ್ಸಿಯನ್ ಕಾರಿಗೆ ಹತ್ತು ನಿಮಿಷ ಮೀಸಲಾಗಿತ್ತು. 1933ರ ಕಾರು. ಗಾಲಿ ಮೂರು. ಹನ್ನೊಂದು ಜನರನ್ನು ಹೊರಬಲ್ಲದು ಎಂಬುದು ಅದರ ಹೆಗ್ಗಳಿಕೆ. ಕಟ್ಟಿದ್ದು ಮೂರೇ. ಮೊದಲನೆಯದು ಅದೇ ವರ್ಷ ಶಿಕಾಗೋದಲ್ಲಿ ಅಪಘಾತಕ್ಕೀಡಾಗಿ ಚಾಲಕ ಸತ್ತ. ಆದರೂ ಅದು ದಾರ್ಶನಿಕನ ಕನಸು. ಉಳಿದ ಒಂದು ಅಮೆರಿಕದ ಮ್ಯೂಸಿಯಮ್ಮಿನಲ್ಲಿದೆ.

ಈಗ ಬೆಂಗಳೂರಿಗೆ ಬನ್ನಿ. 1970ರ ದಶಕದಲ್ಲಿ ಇಲ್ಲಿನ ಸನ್‌ರೈಸ್ ಕಂಪನಿ ‘ಬಾದಲ್’ ಎಂಬ ಕಾರು ಮಾಡಿತು. ಮುಂದೆ ಸಿಪಾನಿ ಆಟೊಮೊಬೈಲ್ಸ್ ಆದದ್ದು ಇದೇ ಕಂಪನಿ. ಇದಕ್ಕೂ ಮೂರೇ ಗಾಲಿ, ಫೈಬರ್ ಮೈ, ಹಿಂದೆ ಪುಟ್ಟ ಎಂಜಿನ್. ಅಂಬಾಸಿಡರ್ ಮತ್ತು ಫಿಯೆಟ್ ಬಿಟ್ಟರೆ ದೇಶದ ರಸ್ತೆಗಳಲ್ಲಿ ಬೇರೆ ಕಾರುಗಳೇ ಅಪರೂಪವಾಗಿದ್ದ ಕಾಲದಲ್ಲಿ, ಸ್ಕೂಟರಿಗೂ ಕಾರಿಗೂ ನಡುವೆ ಒಂದು ಬಂಡಿ ಬೇಕು ಎಂದು ಯಾರೋ ಯೋಚಿಸಿದ್ದರು. ಅದು ಕಾನ್ಸೆಪ್ಟ್ ಕಾರಲ್ಲ, ಅಂಗಡಿಗೇ ಬಂದದ್ದು. ಬಹಳ ದಿನ ನಡೆಯಲಿಲ್ಲ. ಇವತ್ತು ಯಾರಾದರೂ ಅದರ ಚಿತ್ರ ಹಾಕಿದರೆ ನಗುವುದಕ್ಕೆ ಹಾಕುತ್ತಾರೆ. ಫುಲ್ಲರ್ ಮಾಡಿದರೆ ದರ್ಶನ, ಬೆಂಗಳೂರಿನವರು ಮಾಡಿದರೆ ತಮಾಷೆ. ಇದು ಯಾವ ನ್ಯಾಯ?

ರೇವಾ ಕತೆಯೂ ಅದೇ. ಚೇತನ್ ಮೈನಿ ಅಮೆರಿಕದಲ್ಲಿ ಓದುವಾಗ ಸೌರ ಕಾರಿನ ತಂಡದಲ್ಲಿದ್ದವರು. 2001ರಲ್ಲಿ ಬೆಂಗಳೂರಿನಿಂದ ಹೊರಟ ಅವರ ವಿದ್ಯುತ್ ಕಾರು ಎರಡೂವರೆ ಮೀಟರಿಗಿಂತ ತುಸು ಉದ್ದ. ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಎಂದು ಕಂಪನಿ ಹೇಳುತ್ತಿತ್ತು. 2004ರಿಂದ ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಲ್ಲಿ ಓಡಿತು. 2005ರಲ್ಲಿ ಮೊನಾಕೋದಲ್ಲಿ, ದಿಲೀಪ್ ಛಾಬ್ರಿಯಾ ವಿನ್ಯಾಸದ ‘ರೇವಾ ಎನ್‌ಎಕ್ಸ್‌ಜಿ’ ಎಂಬ ನಿಜವಾದ ಕಾನ್ಸೆಪ್ಟ್ ಕಾರನ್ನೇ ತೋರಿಸಿದರು. ಅದರ ಗುರಿ 200 ಕಿಲೋಮೀಟರ್. ನಾವು ಮಾತ್ರ ಆಟಿಕೆ ಅಂದೆವು. 2010ರಲ್ಲಿ ಮಹೀಂದ್ರಾ ಕಂಪನಿಯ ಕೈ ಸೇರಿತು. ಇವತ್ತು ವಿದ್ಯುತ್ ಕಾರಿಗೆ ಮುಗಿಬೀಳುವವರಿಗೆ ಆ ಆಟಿಕೆಯ ನೆನಪಿಲ್ಲ.

ರೇವಾದಲ್ಲಿ ದೋಷಗಳಿದ್ದವು. ಡಿಕ್ಕಿ ಪರೀಕ್ಷೆಯಲ್ಲಿ ಅದು ಬಡವಾಗಿತ್ತು, ಸೀಸದ ಬ್ಯಾಟರಿ ಭಾರವಾಗಿತ್ತು. ಒಪ್ಪುತ್ತೇನೆ. ಆದರೆ ಡೈಮ್ಯಾಕ್ಸಿಯನ್ ಒಂದು ಜೀವವನ್ನೇ ತೆಗೆದುಕೊಂಡಿತ್ತು. ಅವರ ದೋಷ ಚರಿತ್ರೆಯ ಅಡಿಟಿಪ್ಪಣಿ, ನಮ್ಮ ದೋಷವೇ ಚರಿತ್ರೆ.

ಇನ್ನು ಟಂಟಂ. ರೋಣದಿಂದ ಗಜೇಂದ್ರಗಡದ ಕಡೆಗೋ, ನರಗುಂದದ ಸುತ್ತಲ ಎರಿ ಹೊಲಗಳಿಗೋ ಮೆಣಸಿನಕಾಯಿ, ಹತ್ತಿ ಬಿಡಿಸುವ ಕಾಲದಲ್ಲಿ ಹೋಗಿ ನೋಡಿ. ಬುತ್ತಿಗಂಟು, ಕುಡಗೋಲು, ಕಂಕುಳಲ್ಲಿ ಕೂಸು. ‘ಯಕ್ಕಾ, ಇನ್ನೊಂಚೂರು ಒಳಗ ಸರಿ, ಇನ್ನಿಬ್ರು ಬರ್ತಾರ’ ಎನ್ನುತ್ತಾನೆ ಡ್ರೈವರ್. ಫುಲ್ಲರ್ ಹೆಮ್ಮೆಪಟ್ಟ ಹನ್ನೊಂದು ಜನ ಇಲ್ಲಿ ದಿನಾ ಕೂರುತ್ತಾರೆ, ಒಮ್ಮೊಮ್ಮೆ ಹೆಚ್ಚೇ. ಹಿಂದೆ ನಿಲ್ಲಲು ಪಟ್ಟಿ, ಮೇಲೆ ಚೀಲಕ್ಕೆ ಕ್ಯಾರಿಯರ್, ಡ್ರೈವರ್ ಪಕ್ಕ ಹಲಗೆ: ಇವೆಲ್ಲ ಊರ ವೆಲ್ಡಿಂಗ್ ಅಂಗಡಿಯ ವಿನ್ಯಾಸ. ಇದನ್ನು ಜಾಣತನವೆಂದು ಹಾಡಿ ಹೊಗಳಲಾರೆ. ಆ ಹಿಂದಿನ ಪಟ್ಟಿಯ ಮೇಲೆ ನಿಂತು ಕೂಲಿಗೆ ಹೋಗಿಬಂದ ನಮ್ಮವ್ವನ ಮೊಣಕಾಲು ಇವತ್ತಿಗೂ ಸರಿಯಿಲ್ಲ. ಸೆರಗು ಗಾಲಿಗೆ ಸಿಕ್ಕಿ ಬಿದ್ದಿದ್ದಳು.

ಅವ್ವ ಕೂರುವ ಬಂಡಿ ಹೇಗಿರಬೇಕು ಎಂದು ಯಾವ ಸ್ಟುಡಿಯೋ ಚಿತ್ರ ಬರೆದಿದೆ? ಸೆರಗು ಸಿಗದ ಗಾಲಿ, ಎರಿ ಮಣ್ಣಿನ ಕೆಸರಲ್ಲಿ ಹೂಳದ ತಳ, ಮೊಣಕಾಲು ನೋಯುವವರಿಗೆ ಎಟುಕುವ ಮೆಟ್ಟಿಲು. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ವಿದ್ಯುತ್ ಮಾಡುತ್ತಿವೆ. ಅವುಗಳ ಬುಡದಲ್ಲೇ ಟಂಟಂ ಡೀಸೆಲ್ ಹೊಗೆ ಕಾರುತ್ತ ಏರು ಹತ್ತುತ್ತದೆ. ರೋಣದಿಂದ ಗಜೇಂದ್ರಗಡಕ್ಕೆ ಹೋಗಿಬರಲು ಆ ‘ಆಟಿಕೆ’ ಹೇಳಿದ 80 ಕಿಲೋಮೀಟರೇ ಸಾಕಿತ್ತು.

ವಿನ್ಯಾಸ ಓದುವ ಗೆಳೆಯರೇ, ಸ್ಟ್ರಾಟೋಸ್ ಝೀರೋ ನೋಡಿ ಬೆರಗಾಗಿ, ಬೇಡ ಅನ್ನುವುದಿಲ್ಲ. ಆದರೆ ನಾಳೆಯ ಕಾರಿನ ಚಿತ್ರ ಬರೆಯುವ ಮುಂಚೆ ಒಂದು ಮುಂಜಾನೆ ರೋಣದ ಬಸ್‌ಸ್ಟ್ಯಾಂಡಿನ ಹೊರಗೆ ಟಂಟಂ ಹತ್ತಿ. ಒಳಗೆ ಜಾಗ ಸಿಗುವುದಿಲ್ಲ, ಹಿಂದಿನ ಪಟ್ಟಿಯ ಮೇಲೆ ನಿಲ್ಲಿ. ಆಮೇಲೂ ನಗು ಬಂದರೆ ನಗೋಣ.