ಡ್ರಿಪ್‌ಗೆ ಆಸಿಡ್ ಬಿಡ್ತೀವಿ, ಗೀಸರ್ ಯಾಕೆ ಮರೀತೀವಿ?

ತೋಟದಲ್ಲಿ ಡ್ರಿಪ್ಪರ್ ಕಟ್ಟಿಕೊಂಡರೆ ನಾವು ಸುಮ್ಮನೆ ಕೂರಲ್ಲ. ಲ್ಯಾಟರಲ್ ಪೈಪಿನ ಕೊನೆ ಬಿಚ್ಚಿ ನೀರು ಬಿಡ್ತೀವಿ, ಬಿಳಿ ಸುಣ್ಣ ಕಂಡರೆ ಆಸಿಡ್ ಟ್ರೀಟ್‌ಮೆಂಟ್ ಮಾಡ್ತೀವಿ. ಅದೇ ಬೋರ್‌ವೆಲ್ ನೀರು ಮನೆ ಮೇಲಿನ ಟ್ಯಾಂಕಿನಿಂದ ಗೀಸರ್‌ಗೂ ವಾಷಿಂಗ್ ಮಷೀನಿಗೂ ಹೋಗುತ್ತೆ. ಅಲ್ಲಿ ಮಾತ್ರ ಕಾಯಿಲ್ ಸುಟ್ಟುಹೋಗುವ ತನಕ ಯಾರೂ ತಿರುಗಿ ನೋಡಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಮ್ಮಂಥ ಮನೆಗಳಲ್ಲಿ ಗೀಸರ್, ಮಷೀನು ಬೇಗ ಕೆಡೋದಕ್ಕೆ ಗಡಸು ನೀರು ದೊಡ್ಡ ಕಾರಣ. ಆ ನೀರನ್ನು ಒಂದು ಸಲವೂ ಅಳೆಯದೆ ಸಾಮಾನು ಕೊಳ್ಳೋದು ನಮ್ಮ ತಪ್ಪು. ವರ್ಷವಿಡೀ ಅಟ್ಟದಲ್ಲಿ ಕಾಯಿ ಒಣಗಿಸಿ, ಕೊಬ್ಬರಿ ಸುಲಿದು ಮಾರಿದ ದುಡ್ಡನ್ನು ರಿಪೇರಿ ಅಂಗಡಿಗೆ ಯಾಕೆ ಕೊಡಬೇಕು?

ನಮ್ಮ ಮನೆಯಲ್ಲಿ ನಾಲ್ಕು ವರ್ಷದಲ್ಲಿ ಎರಡು ಸಲ ಗೀಸರ್ ಕಾಯಿಲ್ ಹೋಯ್ತು. ಎರಡನೇ ಸಲ ಮೆಕ್ಯಾನಿಕ್ ಅದನ್ನು ಹೊರಗೆ ತೆಗೆದಾಗ ಸುಣ್ಣ ಬಳಿದ ಗೂಟದ ಹಾಗಿತ್ತು. ಅಮ್ಮ ಬಹಳ ದಿನದಿಂದ ಹೇಳ್ತಾನೇ ಇದ್ರು: "ಸೋಪು ನೊರೆ ಬರಲ್ಲ, ಬೇಳೆ ಬೇಗ ಬೇಯಲ್ಲ, ಬಿಳಿ ಬಟ್ಟೆ ಒಗೆದರೂ ಮಾಸಲಾಗೇ ಇರುತ್ತೆ." ನಾನು, "ಬೇರೆ ಸೋಪು ತರ್ತೀನಿ ಬಿಡಮ್ಮ" ಅಂದಿದ್ದೆ. ನೀರಿನ ಮೊದಲ ರಿಪೋರ್ಟ್ ಅಮ್ಮನ ಬಾಯಿಂದಲೇ ಬಂದಿತ್ತು, ನಾನು ಓದಲಿಲ್ಲ ಅಷ್ಟೆ.

ಸುಣ್ಣ ಎಲ್ಲಿಂದ ಬರುತ್ತೆ?

ನೀರು ಭೂಮಿಯೊಳಗೆ ಕಲ್ಲಿನ ಸಂದಿಯಲ್ಲಿ ಹೆಚ್ಚು ಕಾಲ ನಿಂತಷ್ಟೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು ಕರಗಿಸಿಕೊಳ್ಳುತ್ತೆ. ಚಿಕ್ಕನಾಯಕನಹಳ್ಳಿ ಸೀಮೆಯ ಬೆಟ್ಟಸಾಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಜೊತೆ ಸುಣ್ಣಕಲ್ಲೂ ಇದೆ. ಈ ನೀರು ಕಾಯುವಾಗ ಅದರೊಳಗಿನ ಬೈಕಾರ್ಬನೇಟ್ ಒಡೆದು, ಸುಣ್ಣ ಬಿಸಿ ಕಾಯಿಲ್‌ಗೇ ಅಂಟಿಕೊಳ್ಳುತ್ತೆ. ಪೊರೆ ಕಟ್ಟಿದರೆ ಶಾಖ ನೀರಿಗೆ ಸರಿಯಾಗಿ ದಾಟಲ್ಲ. ಕರೆಂಟು ಹೆಚ್ಚು ಉರಿಯುತ್ತೆ, ಕಾಯಿಲ್ ತನ್ನ ಬಿಸಿಗೆ ತಾನೇ ಸುಟ್ಟುಕೊಳ್ಳುತ್ತೆ.

ಅಜ್ಜಿ ಕಾಲದಲ್ಲೂ ತಾಮ್ರದ ಹಂಡೆಗೆ ಸುಣ್ಣ ಕಟ್ಟುತ್ತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದರೆ ಬಿಡುತ್ತಿತ್ತು. ಹುಳಿ ಸುಣ್ಣವನ್ನು ಕರಗಿಸುತ್ತೆ, ಲೆಕ್ಕ ಅಷ್ಟೇ. ಹಂಡೆಯ ಒಳಗೆ ಕೈ ಹಾಕಬಹುದಿತ್ತು, ಗೀಸರ್ ಒಳಗೆ ಆಗಲ್ಲ. ಅದಕ್ಕೇ ಮರೆತುಬಿಡ್ತೀವಿ.

ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ

ಆನ್‌ಲೈನಲ್ಲಿ ಸಿಗುವ ಟಿಡಿಎಸ್ ಮೀಟರ್ ಗಡಸುತನ ತೋರಿಸಲ್ಲ. ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜನ್ನು ಮಾತ್ರ ಅದು ಕೊಡುತ್ತೆ. ಗಡಸುತನಕ್ಕೆ ಬೇರೆ ಪರೀಕ್ಷೆ ಬೇಕು. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ 5 ಮಹಿಳೆಯರಿಗೆ ನೀರು ಪರೀಕ್ಷೆ ಕಿಟ್ ಬಳಸೋಕೆ ತರಬೇತಿ ಕೊಡುವ ವ್ಯವಸ್ಥೆ ಇದೆ. ಆ ಕಿಟ್‌ನಲ್ಲಿ ಗಡಸುತನ, ಫ್ಲೋರೈಡ್ ಎರಡನ್ನೂ ನೋಡಬಹುದು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ತೋಟದ ಮಣ್ಣು, ನೀರಿನ ವಿಚಾರಕ್ಕೆ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ಅಲ್ಲೂ ವಿಚಾರಿಸಿ.

ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು. ಬೇರೆ ನೀರು ಇಲ್ಲದಿದ್ದರೆ 600 ತನಕ ಅನುಮತಿ ಇದೆ. ಕುಡಿಯೋಕೆ ಅನುಮತಿ ಇರುವ ನೀರೂ ಗೀಸರ್‌ಗೆ ಶತ್ರು ಆಗಬಹುದು, ಇದು ನೆನಪಿರಲಿ.

ಪೈಪಿಗೆ ಕಟ್ಟುವ ಅಯಸ್ಕಾಂತ ತಂದರೆ ಸುಣ್ಣ ಹೋಗುತ್ತೆ ಅಂತ ವಿಡಿಯೋಗಳು ಬರ್ತಾವೆ. ಅದು ಕೆಲಸ ಮಾಡುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ, ಆ ದುಡ್ಡು ಉಳಿಸಿ. ನಲ್ಲಿಗೆ ಹಾಕುವ ಜಾಲರಿ ಫಿಲ್ಟರ್ ಮಣ್ಣು ತಡೆಯುತ್ತೆ, ಕರಗಿದ ಸುಣ್ಣ ತಡೆಯಲ್ಲ. ಉಪ್ಪು ಹಾಕಿ ತೊಳೆಯುವ ಸಾಫ್ಟ್‌ನರ್ ನಿಜವಾಗಿ ಕೆಲಸ ಮಾಡುತ್ತೆ. ಆದರೆ ಅದನ್ನು ತೊಳೆದ ಉಪ್ಪು ನೀರು ಅಡಿಕೆ, ತರಕಾರಿ ಬುಡಕ್ಕೆ ಹೋಗಬಾರದು. ಅದಕ್ಕೆ ದಾರಿ ಮಾಡದೆ ಸಾಫ್ಟ್‌ನರ್ ತರಬೇಡಿ.

ಖರ್ಚಿಲ್ಲದ ಅಭ್ಯಾಸಗಳು

ಗೀಸರ್ ಬಿಸಿ 50 ಡಿಗ್ರಿ ಆಸುಪಾಸಿಗೆ ಇಳಿಸಿ. ಬಿಸಿ ಹೆಚ್ಚಿದಷ್ಟೂ ಸುಣ್ಣ ಬೇಗ ಕೂರುತ್ತೆ. ವರ್ಷಕ್ಕೊಮ್ಮೆ ಮೆಕ್ಯಾನಿಕ್ ಕೈಲಿ ಟ್ಯಾಂಕ್ ಖಾಲಿ ಮಾಡಿಸಿ, ಕಾಯಿಲ್ ಬಿಡಿಸಿ ತೊಳೆಸಿ. ಜೊತೆಗೆ ಆನೋಡ್ ರಾಡ್ ಸವೆದಿದೆಯಾ ನೋಡಿಸಿ. ಟ್ಯಾಂಕಿನ ಬದಲು ತಾನು ತುಕ್ಕು ತಿನ್ನುವ ಕಡ್ಡಿ ಅದು. ಬಕೆಟ್‌ಗೆ ಇಳಿಬಿಡುವ ಕಾಯಿಲ್ ಆದರೆ ಪ್ಲಗ್ ಕಿತ್ತು, ತಣ್ಣಗಾದ ಮೇಲೆ, ಲೀಟರ್ ನೀರಿಗೆ ಎರಡು ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಕರಗಿಸಿ ಅದರಲ್ಲಿ ಕೆಳಭಾಗ ಮಾತ್ರ ನೆನೆಸಿ. ವಾಷಿಂಗ್ ಮಷೀನಿಗೆ ಡ್ರಮ್ ಖಾಲಿ ಇರುವಾಗ, ಕಂಪನಿ ಪುಸ್ತಕ ಒಪ್ಪಿದರೆ, ಅದೇ ನಿಂಬೆ ಉಪ್ಪು ಹಾಕಿ ಬಿಸಿನೀರಿನಲ್ಲಿ ಒಂದು ಸುತ್ತು ಓಡಿಸಿ.

ಇನ್ನೊಂದು ಮಾತು ಒತ್ತಿ ಹೇಳ್ತೀನಿ. ಪಂಪ್‌ಹೌಸ್‌ನಲ್ಲಿ ಡ್ರಿಪ್‌ಗೆ ಅಂತ ಇಟ್ಟ ಹೈಡ್ರೋಕ್ಲೋರಿಕ್ ಆಸಿಡ್ ಕ್ಯಾನು ಮನೆಯೊಳಗೆ ತರಬೇಡಿ. ಅದು ಗೀಸರ್ ಟ್ಯಾಂಕು, ಮಷೀನಿನ ರಬ್ಬರ್ ಎಲ್ಲ ತಿಂದುಹಾಕುತ್ತೆ. ಅದು ಬ್ಲೀಚಿಂಗ್ ಪುಡಿ ಜೊತೆ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತೆ. ಸಣ್ಣ ಬಚ್ಚಲು ಮನೆಯಲ್ಲಿ ಅದು ಪ್ರಾಣಕ್ಕೇ ಕುತ್ತು.

ಸೂರಿನ ನೀರು ಬಿಡಬೇಡಿ

ನಮಗೆ ಪುಕ್ಕಟೆ ಸಿಗುವ ಸಪ್ಪೆ ನೀರು ಮಳೆ ನೀರು. 1,000 ಚದರಡಿ ಸೂರಿನ ಮೇಲೆ 25 ಮಿ.ಮೀ. ಹದಮಳೆ ಬಿದ್ದರೆ, ಸೋರಿಕೆ ಕಳೆದು ಸುಮಾರು 1,800 ಲೀಟರ್ ಹಿಡಿಯಬಹುದು. ಗೀಸರ್‌ಗೂ ಮಷೀನಿಗೂ ಸೇರಿ ದಿನಕ್ಕೆ 100 ಲೀಟರ್ ಹಿಡಿದರೂ 5,000 ಲೀಟರ್ ಟ್ಯಾಂಕ್ ತುಂಬಿದರೆ 50 ದಿನ ಸಾಕು. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡಿ, ಬಿಸಿಲು ಬೀಳದ ಟ್ಯಾಂಕಿನಲ್ಲಿ ಮುಚ್ಚಿಡಿ, ಅಲ್ಲಿಂದ ಈ ಎರಡಕ್ಕೆ ಮಾತ್ರ ಪ್ರತ್ಯೇಕ ಪೈಪ್ ಎಳೆಯಿರಿ. ತೆಂಗಿನ ತೋಟಕ್ಕೆ ಬೋರ್‌ವೆಲ್ ನೀರು ಇರಲಿ, ಮನೆಯ ಕಾಯಿಲ್‌ಗೆ ಮಳೆ ನೀರು ಇರಲಿ.

"ನಮಗೆ ಇದಕ್ಕೆಲ್ಲ ಟೈಮ್ ಎಲ್ಲಿ?" ಅಂತ ಕೇಳಬಹುದು. ಡ್ರಿಪ್ ತೊಳೆಯೋಕೆ ಟೈಮ್ ಇದೆಯಲ್ಲ? ಮೊಬೈಲ್‌ನಲ್ಲಿ ಇವತ್ತೇ ಒಂದು ರಿಮೈಂಡರ್ ಹಾಕಿ: ಡ್ರಿಪ್‌ಗೆ ಆಸಿಡ್ ಬಿಡುವ ದಿನವೇ ಮನೆ ಮಷೀನಿಗೆ ನಿಂಬೆ ಉಪ್ಪು. ಅದಕ್ಕೂ ಮುಂಚೆ ಇನ್ನೊಂದು ಕೆಲಸ. ಇವತ್ತು ಸಂಜೆ ಮನೆಗೆ ಹೋಗಿ ಅಮ್ಮನನ್ನೋ ಮನೆಯವರನ್ನೋ ಕೇಳಿ, ಸೋಪು ನೊರೆ ಬರ್ತಿದೆಯಾ ಅಂತ. ಈ ಸಲ ಉತ್ತರ ಪೂರ್ತಿ ಕೇಳಿಸಿಕೊಳ್ಳಿ.