ಓಟು ಯಾರಿಗೆಂದು ಕೇಳುವವರು

ಚುನಾವಣೆ ಬಂತೆಂದರೆ ಅಭ್ಯರ್ಥಿಗಳಿಗೆ ಭಾಷಾ ಸಂಘಗಳ ನೆನಪಾಗುತ್ತದೆ. ಹಾರ, ಶಾಲು ಮುಗಿದ ಮೇಲೆ ವೇದಿಕೆಯ ಹಿರಿಯರೊಬ್ಬರು "ನಮ್ಮವರ ಓಟೆಲ್ಲ ನಿಮಗೇ" ಎಂದುಬಿಡುತ್ತಾರೆ. ಆ ಓಟು ಅವರ ಕೈಯಲ್ಲಿದೆಯೆ? ಪಕ್ಕದ ಮನೆಯವರ ಪಾಸ್‌ಬುಕ್ಕಿನಿಂದ ಹಣ ತೆಗೆದುಕೊಡುತ್ತೇನೆ ಎಂದಂತಾಯಿತು!

ಯಾರಿಗೆ ಓಟು ಹಾಕಿದಿರಿ ಎಂದು ಹೇಳುವಂತೆ ಸಾಕ್ಷಿಯನ್ನಾಗಲಿ ಬೇರೆ ಯಾರನ್ನಾಗಲಿ ಒತ್ತಾಯಿಸುವಂತಿಲ್ಲ ಎನ್ನುತ್ತದೆ 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 94ನೇ ಕಲಂ. ಮತಗಟ್ಟೆ ಸಿಬ್ಬಂದಿ ಮತ್ತು ಏಜೆಂಟರು ಗುಟ್ಟು ಬಿಟ್ಟುಕೊಟ್ಟರೆ 128ನೇ ಕಲಮಿನಡಿ 3 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಎಚ್ಚರಿಸಿದ ಮೇಲೂ ಗುಟ್ಟಿನ ಕ್ರಮ ಪಾಲಿಸದ ಮತದಾರನಿಗೆ ಓಟು ಹಾಕಲು ಬಿಡುವುದಿಲ್ಲ.

ಹಿಂದೆ ಯಾವ ಅಭ್ಯರ್ಥಿಯೂ ಬೇಡವೆನ್ನುವವರು ಅಧಿಕಾರಿಯ ಮುಂದೆ ಹೇಳಿ ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ಗುಟ್ಟು ಅಲ್ಲೇ ಬಯಲು. ಈರೋಡ್ ಕಡೆಯವರಾದ ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠ 2013ರ ಸೆಪ್ಟೆಂಬರ್ 27ರಂದು ಇದನ್ನು ತಳ್ಳಿಹಾಕಿ ನೋಟಾ ಗುಂಡಿಗೆ ಆದೇಶಿಸಿತು.

ಚೆನ್ನೈನಲ್ಲಿ ಈ ಗುಟ್ಟಿಗೆ ಬೆಲೆ ಹೆಚ್ಚು. ಹಣ ಹಂಚಿಕೆಯ ಕಾರಣದಿಂದ 2017ರ ಏಪ್ರಿಲ್‌ನಲ್ಲಿ ಆರ್.ಕೆ. ನಗರದ ಉಪಚುನಾವಣೆಯನ್ನೇ ಆಯೋಗ ರದ್ದುಮಾಡಿ ಡಿಸೆಂಬರಿನಲ್ಲಿ ಮತ್ತೆ ನಡೆಸಿತು. ಹಣ ಕೊಟ್ಟವನಿಗೆ ಲೆಕ್ಕ ಸಿಗದಂತೆ ಕಾಯುವುದು ಮತಗಟ್ಟೆಯ ರಟ್ಟಿನ ಮರೆಯೊಂದೇ.

ಆದರೆ ಒಂದು ಕಿಂಡಿ ತೆರೆದೇ ಇದೆ. ಎಣಿಕೆಯ ಅಂಕಿಗಳು ಮತಗಟ್ಟೆವಾರು ಹೊರಬೀಳುತ್ತವೆ. ಒಬ್ಬೊಬ್ಬರ ಓಟು ತಿಳಿಯದಿದ್ದರೂ ಇಂಥ ಬೀದಿ ಯಾರ ಕಡೆಗಿತ್ತು ಎಂಬುದು ತಿಳಿಯುತ್ತದೆ. ಆ ಬೀದಿಯ ನೀರು, ಚರಂಡಿಯ ಮೇಲೆ ಸೇಡು ತೀರಿಸಿಕೊಳ್ಳಲು ಅಷ್ಟು ಸಾಕು. ಕಾಗದದ ಮತಪತ್ರದ ಕಾಲದಲ್ಲಿ ಅವುಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಹಲವು ಯಂತ್ರಗಳ ಮತ ಕೂಡಿಸಿ ತೋರಿಸುವ ಟೋಟಲೈಸರನ್ನು ಆಯೋಗ 2008ರಲ್ಲೇ ಸೂಚಿಸಿತು, 2015ರಲ್ಲಿ ಕಾನೂನು ಆಯೋಗವೂ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಚಿಕ್ಕ ಭಾಷಾ ಸಮುದಾಯಗಳು ದನಿಯೆತ್ತಬೇಕಾದ ವಿಷಯವಿದು.

ಮನೆಯೊಳಗಿನ ಗುಟ್ಟಂತೂ ಇನ್ನೂ ಕಷ್ಟ. ತಮಿಳುನಾಡಿನಲ್ಲಿ 2021ರ ಚುನಾವಣೆಯಿಂದ ವಯೋವೃದ್ಧರಿಗೆ ಮನೆಯಲ್ಲೇ ಓಟು ಹಾಕುವ ಅನುಕೂಲ ಬಂದಿದೆ. ಸಿಬ್ಬಂದಿ ಬಂದಾಗ ಮಗ, ಸೊಸೆ ಪಕ್ಕದ ಕೋಣೆಗೆ ಹೋದರೆ ಒಳ್ಳೆಯದು. ಕಣ್ಣು ಕಾಣದವರ ಜೊತೆ ಮತಗಟ್ಟೆಗೆ ಹೋಗುವವರು ಗುಟ್ಟು ಕಾಯುವುದಾಗಿ ಬರೆದುಕೊಡಬೇಕು. ಒಬ್ಬರು ಅಂದು ಒಬ್ಬರಿಗಷ್ಟೇ ಸಹಾಯಕರು.

ಸಂಘಗಳ ವಾರ್ಷಿಕ ಸಭೆಯಲ್ಲೋ, ಪದಾಧಿಕಾರಿಗಳ ಎದುರಿಗೇ ಕೈ ಎತ್ತಿಸುವ ಪದ್ಧತಿ ಹಲವೆಡೆ ಉಂಟು. ಮುಂದಿನ ಸಭೆಗೆ ಒಂದು ಬೀಗದ ಪೆಟ್ಟಿಗೆ, ಮಡಿಸಿದ ಚೀಟಿ ಇಡಲು ಹೆಚ್ಚು ಖರ್ಚೇನೂ ಆಗದು.