ಜೂನ್ ಒಂದರಂದು ಹುಟ್ಟಿದವರು

ನಮ್ಮ ಮನೆಯಲ್ಲಿ ಮೂರು ಜನರ ಹುಟ್ಟುಹಬ್ಬ ಒಂದೇ ದಿನ. ಬಡೇ ಅಬ್ಬಾ 1969ರ ಜೂನ್ 1, ಅಬ್ಬಾ 1971ರ ಜೂನ್ 1, ಫುಪ್ಪು 1973ರ ಜೂನ್ 1. ಒಬ್ಬ ತಾಯಿಯ ಮೂವರು ಮಕ್ಕಳು, ಸರಿಯಾಗಿ ಎರಡೆರಡು ವರ್ಷಕ್ಕೆ, ಅದೇ ತಾರೀಖಿಗೆ! ಒಂದು ಕೇಕ್ ತಂದರೆ ಮೂವರಿಗೂ ಆಗುತ್ತದೆ ಎಂದು ನಾವು ಮಕ್ಕಳು ತಮಾಷೆ ಮಾಡುತ್ತೇವೆ. ದಾದಿ ಮಾತ್ರ ನಗುವುದಿಲ್ಲ. "ಹೆತ್ತವಳು ನಾನು, ತಾರೀಖು ಇಟ್ಟವರು ಮೇಷ್ಟ್ರು" ಎನ್ನುತ್ತಾರೆ.

ಗೆಳೆಯ ಗೆಳತಿಯರೇ, ನಿಮ್ಮ ಮನೆಯಲ್ಲೂ ಹೀಗೆ ಜೂನ್ 1ರಂದು ಹುಟ್ಟಿದವರು ಒಬ್ಬರಾದರೂ ಇರಬಹುದು. ದುದ್ದದಲ್ಲಾಗಲಿ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಾಗಲಿ, ಐವತ್ತು ದಾಟಿದವರ ಶಾಲಾ ದಾಖಲೆ ತೆಗೆದು ನೋಡಿ. ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲದೆ ಈ ತಾರೀಖು ಕಾಣಿಸಿಕೊಳ್ಳುತ್ತದೆ. ಆಗ ಹಳ್ಳಿಯಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿತ್ತು, ಜನನ ಪತ್ರ ಮಾಡಿಸುವ ರೂಢಿ ಇರಲಿಲ್ಲ. ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ಮಗುವಿಗೆ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ವಯಸ್ಸಾಗಿದೆ, ಇಲ್ಲದಿದ್ದರೆ ಮುಂದಿನ ವರ್ಷ ಬಾ. ಶಾಲೆ ತೆರೆಯುವುದು ಜೂನ್‌ನಲ್ಲಿ, ವಯಸ್ಸು ತುಂಬಿರಬೇಕಾದದ್ದೂ ಆ ಹೊತ್ತಿಗೆ. ಹಾಗಾಗಿ ವರ್ಷವನ್ನು ಅಂದಾಜು ಮಾಡಿ ಜೂನ್ 1 ಎಂದು ಬರೆದುಬಿಟ್ಟರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ಸೂಚನಾ ಫಲಕದಲ್ಲೋ ಪತ್ರಿಕೆಯಲ್ಲೋ "ಇತಿಹಾಸದಲ್ಲಿ ಈ ದಿನ" ಎಂಬ ಅಂಕಣ ನೋಡಿದಾಗಲೆಲ್ಲ ನನಗೆ ಈ ಮೂವರ ನೆನಪಾಗುತ್ತದೆ. ಜೂನ್ 1ರಂದು ಬೇರೆ ಏನೇನು ನಡೆದಿದೆ ಎಂದು ಹುಡುಕಲು ಹೊರಟಾಗ ಒಳ್ಳೆಯ ಸಹವಾಸವೇ ಸಿಕ್ಕಿತು.

1996ರ ಜೂನ್ 1, ಶನಿವಾರ. ನಮ್ಮದೇ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು ದೆಹಲಿಯಲ್ಲಿ ಪ್ರಧಾನಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ಆ ಹುದ್ದೆಗೆ ಏರಿದ ಮೊದಲ ಕನ್ನಡಿಗ ಅವರು. ಅದೇ ದಿನ ಬೆಂಗಳೂರಿನಲ್ಲಿ ಮಾಜಿ ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿ ಅವರು ತೀರಿಕೊಂಡರು. ದಾಖಲೆಯ ಪ್ರಕಾರ ನಮ್ಮ ಅಬ್ಬಾಗೆ ಅಂದೇ 25 ತುಂಬಿತು. ಕೇಳಿದರೆ, "ಹುಟ್ಟುಹಬ್ಬ ಗಿಟ್ಟುಹಬ್ಬ ಗೊತ್ತಿಲ್ಲ. ಅಂಗಡಿ ಮುಂದೆ ನಿಂತು ಟಿವಿಯಲ್ಲಿ ಪ್ರಮಾಣ ವಚನ ನೋಡಿದ್ದು ನೆನಪಿದೆ. ನಮ್ಮ ಹಾಸನದವರು ಅಂತ ಎಲ್ಲರಿಗೂ ಖುಷಿ" ಎನ್ನುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ 1955ರ ಜೂನ್ 1. ಅಸ್ಪೃಶ್ಯತೆಯನ್ನು ಶಿಕ್ಷಾರ್ಹ ಅಪರಾಧವಾಗಿಸಿದ ಕಾಯ್ದೆ ದೇಶದಲ್ಲಿ ಜಾರಿಗೆ ಬಂದ ದಿನ ಅದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ಐದು ವರ್ಷವಾಗಿತ್ತು. ಆದರೆ ಬಾವಿಯ ಹತ್ತಿರ ತಡೆದವನಿಗೆ, ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವನಿಗೆ ಶಿಕ್ಷೆ ಕೊಡುವ ಕಾನೂನು ಬಂದದ್ದು ಆ ದಿನದಿಂದ. ಜೂನ್ 2ರ ಬೆಳಿಗ್ಗೆ ಎಲ್ಲ ಬಾವಿಗಳೂ ಎಲ್ಲರಿಗೂ ತೆರೆದುಕೊಂಡವೇ? ಇಲ್ಲ. ಕಾಯ್ದೆಯ ತಾರೀಖು ಪುಸ್ತಕದಲ್ಲಿದೆ. ಒಂದೊಂದು ಊರಿನಲ್ಲಿ ಆ ಬಾವಿ ನಿಜವಾಗಿ ತೆರೆದ ದಿನವನ್ನು ಹೆಚ್ಚಿನ ಕಡೆ ಯಾರೂ ಬರೆದಿಡಲಿಲ್ಲ.

ಮಳೆಗೂ ಹೀಗೇ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಎಂದು ಹವಾಮಾನ ಇಲಾಖೆ ಇಟ್ಟುಕೊಂಡಿರುವುದೂ ಜೂನ್ 1. ಆದರೆ 2023ರಲ್ಲಿ ಮುಂಗಾರು ಬಂದದ್ದು ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೇ. ಆಲೂಗಡ್ಡೆ ಹಾಕುವ ನಮ್ಮ ಕಡೆಯ ರೈತ ಆ ತಾರೀಖು ನೋಡಿ ಬಿತ್ತನೆ ಮಾಡುವುದಿಲ್ಲ, ನೆಲದ ಹಸಿ ನೋಡಿ ಮಾಡುತ್ತಾನೆ. ನಮ್ಮ ಅಬ್ಬಾಗೆ ಇರುವಂತೆ ಮಳೆಗೂ ಶಾಲೆಯಲ್ಲಿ ಬರೆಸಿದ ಒಂದು ತಾರೀಖಿದೆ, ನಿಜವಾಗಿ ಬಂದ ಒಂದು ತಾರೀಖಿದೆ.

ಹಾಗಾದರೆ ಅಬ್ಬಾ ನಿಜವಾಗಿ ಹುಟ್ಟಿದ್ದು ಯಾವಾಗ? ಇತಿಹಾಸ ಓದುವ ನನಗೆ ಇದು ಒಂದು ಪ್ರಶ್ನೆಪತ್ರಿಕೆಯಂತೆ ಕಂಡಿತು. ದಾದಿಯ ಪಕ್ಕ ಕುಳಿತು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಅವರಿಗೆ ನೆನಪಿದ್ದದ್ದು ಮೂರು ವಿಷಯ. ಒಂದು, ರಂಜಾನ್ ಹಬ್ಬ ಮುಗಿದು ಒಂದೆರಡು ವಾರ ಆಗಿತ್ತು. ಎರಡು, ರಾಗಿ ಕೊಯ್ಲಿನ ಕಾಲ. ಮೂರು, ಬಾಣಂತಿಯಾಗಿ ಮಲಗಿದ್ದಾಗ ರೇಡಿಯೋದಲ್ಲಿ ದಿನವೂ ಯುದ್ಧದ ಸುದ್ದಿ.

ಹಬ್ಬದ ಲೆಕ್ಕದಿಂದ ತಾರೀಖು ಹುಡುಕುವುದು ಸ್ವಲ್ಪ ಕಷ್ಟ. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಅದು ಇಂಗ್ಲಿಷ್ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಬಕ್ರೀದ್ 2024ರಲ್ಲಿ ಜೂನ್ 17ಕ್ಕೆ ಬಂದಿತ್ತು, 2025ರಲ್ಲಿ ಜೂನ್ 7ಕ್ಕೆ ಬಂತು. ಹೀಗೆ ಸರಿಯುತ್ತಾ ಸುಮಾರು 33 ವರ್ಷಕ್ಕೊಮ್ಮೆ ಹಬ್ಬಗಳು ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತವೆ. ನಮ್ಮ ಹಾಸನಾಂಬೆಯ ಬಾಗಿಲು ತೆರೆಯುವುದೂ ಚಂದ್ರನ ಲೆಕ್ಕದಲ್ಲೇ, ಆಶ್ವಯುಜ ಮಾಸದಲ್ಲಿ. ಆದರೆ ಪಂಚಾಂಗದಲ್ಲಿ ಆಗಾಗ ಅಧಿಕ ಮಾಸ ಸೇರಿಸುವುದರಿಂದ ಅದು ಅಕ್ಟೋಬರ್, ನವೆಂಬರ್ ಆಸುಪಾಸಿನಲ್ಲೇ ಉಳಿಯುತ್ತದೆ. ಹಿಜರಿಯಲ್ಲಿ ಅಧಿಕ ಮಾಸ ಇಲ್ಲ. ಹಾಗಾಗಿ "ರಂಜಾನ್ ಆದ ಮೇಲೆ" ಎಂದರೆ ಸಾಲದು, ಯಾವ ವರ್ಷದ ರಂಜಾನ್ ಎಂದು ಗೊತ್ತಾಗಬೇಕು.

ಅದಕ್ಕೆ ರೇಡಿಯೋ ನೆರವಾಯಿತು. ಬಾಂಗ್ಲಾದೇಶ ಹುಟ್ಟಿದ ಯುದ್ಧ ನಡೆದದ್ದು 1971ರ ಡಿಸೆಂಬರ್ 3ರಿಂದ 16ರವರೆಗೆ. ಆ ವರ್ಷದ ರಂಜಾನ್ ಹಬ್ಬ ಬಂದದ್ದು ನವೆಂಬರ್ 20ರ ಸುಮಾರಿಗೆ. ರಾಗಿ ಕೊಯ್ಲಿಗೂ ಅದು ಹೊಂದುತ್ತದೆ. ಅಂದರೆ ಅಬ್ಬಾ ಹುಟ್ಟಿದ್ದು 1971ರ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ವಾರ. ದಾಖಲೆ ಹೇಳುವುದಕ್ಕಿಂತ ಅವರು ಆರು ತಿಂಗಳು ಚಿಕ್ಕವರು! ದಾದಿಗೆ ಅಕ್ಷರ ಬರುವುದಿಲ್ಲ, ಆದರೆ ಅವರು ಹೇಳಿದ ಮೂರಕ್ಕೆ ಮೂರೂ ಸರಿಯಾಗಿತ್ತು.

ಅಕ್ಷರ ಬಲ್ಲವರೂ ಇದೇ ದಾರಿಯಲ್ಲಿ ಲೆಕ್ಕ ಹಾಕುತ್ತಾರೆ. ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನೇ ನೋಡಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಶಾಸನದಿಂದ ಕನ್ನಡದ ಬರಹದ ಚರಿತ್ರೆಯನ್ನು ನಾವು ಶುರು ಮಾಡುತ್ತೇವೆ. ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಊರುಗಳನ್ನು ದಾನ ಕೊಟ್ಟ ವಿಷಯ ಅದರಲ್ಲಿದೆ, ಆದರೆ ತಾರೀಖಿಲ್ಲ. ಕ್ರಿ.ಶ. ಸುಮಾರು 450 ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವಲ್ಲ, ಅದು ಲಿಪಿಯ ರೂಪ, ಭಾಷೆ, ಅದರಲ್ಲಿ ಬರುವ ಕದಂಬ ಅರಸನ ಹೆಸರು ಇವನ್ನೆಲ್ಲ ನೋಡಿ ವಿದ್ವಾಂಸರು ಹಾಕಿದ ಅಂದಾಜು. "ಆಗ ಯಾರು ಆಳುತ್ತಿದ್ದರು, ಏನು ನಡೆಯುತ್ತಿತ್ತು" ಎಂದು ಕೇಳಿ ಕಾಲ ಗೊತ್ತುಮಾಡುವುದು ದಾದಿಯ ಕ್ರಮವೂ ಹೌದು. ತಾರೀಖಿಲ್ಲ ಎಂದು ಹಲ್ಮಿಡಿ ಶಾಸನವನ್ನು ನಾವು ಕೀಳಾಗಿ ಕಾಣುವುದಿಲ್ಲ. ಹುಟ್ಟಿದ ದಿನ ಗೊತ್ತಿಲ್ಲದ ಮುದುಕಿಯನ್ನು ಕಚೇರಿಯ ಕಿಟಕಿಯಲ್ಲಿ ಮಾತ್ರ ಯಾಕೆ ಹಾಗೆ ಕಾಣುತ್ತೇವೆ?

ಈ ಮಾತು ಸುಮ್ಮನೆ ಹೇಳುತ್ತಿಲ್ಲ. ಗಾಂಧೀಜಿ ತೀರಿಕೊಂಡಾಗ ದಾದಿ ಇನ್ನೂ ಹಾಲು ಕುಡಿಯುವ ಮಗುವಂತೆ. ಅದು 1948ರ ಜನವರಿ 30. ಹಾಗಾದರೆ ಅವರು ಹುಟ್ಟಿದ್ದು 1947ರ ಆಸುಪಾಸು. ಆದರೆ ಒಂದು ಗುರುತಿನ ಚೀಟಿ ಮಾಡಿಸುವಾಗ ಎದುರಿಗಿದ್ದವರು ಮುಖ ನೋಡಿ 1955 ಎಂದು ಹಾಕಿಬಿಟ್ಟರು. ಅದು ನಿಜವಾದರೆ 1969ರಲ್ಲಿ ಮಗ ಹುಟ್ಟಿದಾಗ ದಾದಿಗೆ 14 ವರ್ಷ ಇರಬೇಕಿತ್ತು. ಯಾರೂ ಆ ಲೆಕ್ಕ ಹಾಕಲಿಲ್ಲ. 65 ತುಂಬಿದವರಿಗೆ ಸಿಗುವ ಸಂಧ್ಯಾ ಸುರಕ್ಷಾ ಪಿಂಚಣಿಗೆ ಹೋದಾಗ, "ಅಜ್ಜಿ, ನಿಮಗೆ ಇನ್ನೂ ವಯಸ್ಸಾಗಿಲ್ಲ" ಎಂಬ ಉತ್ತರ ಬಂತು. ಒಂದು ಅಂದಾಜಿನಿಂದಾಗಿ ಅವರು ಎಂಟು ವರ್ಷ ಕಾಯಬೇಕಾಯಿತು.

ಇಲ್ಲಿ ನನಗೆ ಅನ್ನಿಸಿದ್ದು ಇದು. ಮೇಷ್ಟ್ರು ಬರೆದ ಜೂನ್ 1ಕ್ಕೂ ನಿಜವಾದ ದಿನಕ್ಕೂ ಸಂಬಂಧವಿಲ್ಲ, ಚೀಟಿಯಲ್ಲಿ ಬರೆದ 1955ಕ್ಕೂ ಇಲ್ಲ. ಆದರೆ ಎರಡೂ ಒಂದೇ ಅಲ್ಲ. ಮೇಷ್ಟ್ರು ಬರೆದದ್ದು ಮಗು ಆ ವರ್ಷವೇ ತರಗತಿಯಲ್ಲಿ ಕೂರಲಿ ಎಂದು. ಕೆಲಸದಲ್ಲಿರುವ ಬಡೇ ಅಬ್ಬಾ ಅದರಿಂದ ಕೆಲವು ತಿಂಗಳು ಮೊದಲೇ ನಿವೃತ್ತಿಯಾಗಬೇಕಾಗುತ್ತದೆ, ನಿಜ. ಆದರೂ ಅವರು ಮೇಷ್ಟ್ರನ್ನು ಇಂದಿಗೂ ಗೌರವದಿಂದಲೇ ನೆನೆಯುತ್ತಾರೆ. ಇನ್ನೊಬ್ಬರು ಬರೆದದ್ದು ಹಿಂದೆ ನಿಂತಿದ್ದ ಸಾಲು ಬೇಗ ಕರಗಲಿ ಎಂದು. ಒಂದು ಅಂದಾಜು ಮಗುವಿಗೆ ಬಾಗಿಲು ತೆರೆಯಿತು, ಇನ್ನೊಂದು ಮುದುಕಿಗೆ ಬಾಗಿಲು ಹಾಕಿತು. ಕಾಗದದ ಮೇಲೆ ತಾರೀಖು ಕಂಡಾಗ ಅದನ್ನು ಯಾರು, ಯಾರ ಅನುಕೂಲಕ್ಕೆ ಬರೆದರು ಎಂದು ಕೇಳುವುದನ್ನು ಇತಿಹಾಸದ ವಿದ್ಯಾರ್ಥಿಗಳಷ್ಟೇ ಅಲ್ಲ, ವಾಣಿಜ್ಯ, ವಿಜ್ಞಾನದವರೂ ಕಲಿಯಬೇಕು. ನಾಳೆ ನಮ್ಮಲ್ಲೇ ಕೆಲವರು ಆ ಕಿಟಕಿಯ ಒಳಗೆ ಕುಳಿತು ಬೇರೆಯವರ ತಾರೀಖು ಬರೆಯುವವರು.

"ಹುಟ್ಟಿದ ದಿನ ಯಾವುದಾದರೇನು, ಬದುಕು ನಡೆದರೆ ಸಾಕು" ಎನ್ನುವವರಿದ್ದಾರೆ. ನಮ್ಮ ಅಪ್ಪಂದಿರ ಕಾಲಕ್ಕೆ ಆ ಮಾತು ನಡೆಯಿತೇನೋ, ನಮಗೆ ನಡೆಯುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿದೆ. ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಗುವಿಗೆ ಶಾಲೆಗೆ ಸೇರಲು, ಮುಂದೆ ಮತದಾರರ ಪಟ್ಟಿಗೆ, ಸರ್ಕಾರಿ ಕೆಲಸಕ್ಕೆ ಹುಟ್ಟಿದ ದಿನ ಸಾಬೀತುಪಡಿಸಲು ಜನನ ಪ್ರಮಾಣಪತ್ರವೇ ಆಧಾರ. ಕಿವಿ ಮುಟ್ಟಿಸುವ ಮೇಷ್ಟ್ರು ಇನ್ನು ಸಿಗುವುದಿಲ್ಲ. ಮನೆಯಲ್ಲಿ ಅಕ್ಕನಿಗೋ ಅತ್ತಿಗೆಗೋ ಮಗುವಾದರೆ 21 ದಿನದೊಳಗೆ ನೋಂದಣಿ ಆಗಿದೆಯೇ, ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ನೋಡುವ ಕೆಲಸ ನಮ್ಮದು. ಮನೆಯಲ್ಲಿ ಫಾರಂ ಓದಬಲ್ಲವರು ಎಷ್ಟೋ ಸಲ ನಾವೇ. ಹಾಗೆಯೇ ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ತಾರೀಖೂ ಜನನ ಪತ್ರದ ತಾರೀಖೂ ಒಂದೇ ಇದೆಯೇ ಎಂದು ಸಿಇಟಿ, ನೀಟ್ ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಿ.

ಕಾಲೇಜಿಗೆ ನನ್ನದೊಂದು ಸಲಹೆ ಇದೆ. ನಮ್ಮ ಸೂಚನಾ ಫಲಕದಲ್ಲಿ "ಇತಿಹಾಸದಲ್ಲಿ ಈ ದಿನ" ಎಂದು ಪ್ರತಿದಿನ ಬರೆಯೋಣ. ದೊಡ್ಡ ಘಟನೆಯ ಕೆಳಗೆ ನಮ್ಮಲ್ಲೊಬ್ಬರ ಮನೆಯ ಒಂದು ಸಾಲನ್ನೂ ಸೇರಿಸೋಣ. ಮನೆಗೆ ಕರೆಂಟ್ ಬಂದ ದಿನ, ಕೊಳವೆಬಾವಿಯಲ್ಲಿ ನೀರು ಸಿಕ್ಕ ದಿನ, ಮನೆಯ ಹೆಣ್ಣುಮಗಳೊಬ್ಬಳು ಮೊದಲ ಬಾರಿಗೆ ಎಸ್ಸೆಸ್ಸೆಲ್ಸಿ ಪಾಸಾದ ದಿನ. ತಾರೀಖು ಗೊತ್ತಿಲ್ಲದಿದ್ದರೆ ದಾದಿ ಹೇಳುವ ಹಾಗೆ ಬರೆದರೂ ಆಯಿತು: "ರಾಗಿ ಕೊಯ್ಲಿನ ಕಾಲ, ಯುದ್ಧದ ವರ್ಷ." ಲೆಕ್ಕ ಹಾಕಿ ತಾರೀಖು ಹುಡುಕುವ ಕೆಲಸವನ್ನು ಇತಿಹಾಸ ವಿಭಾಗದ ನಾವು ವಹಿಸಿಕೊಳ್ಳುತ್ತೇವೆ. ಆದರೆ ನೆನಪಿಟ್ಟುಕೊಂಡವರು ಇರುವಾಗಲೇ ಕೇಳಬೇಕು. ಈ ವಾರ ಮನೆಗೆ ಹೋದವರು ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು, ಮನೆಯ ಅತಿ ಹಿರಿಯರ ಹತ್ತಿರ ಕುಳಿತು, "ನಾನು ಹುಟ್ಟಿದಾಗ ಊರಲ್ಲಿ ಏನು ನಡೀತಿತ್ತು?" ಎಂದು ಕೇಳಿ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು ತನ್ನಿ.